ಇನ್ನೂರ ಹದಿನಾಲ್ಕು ಸಾಲು

1998 ಜೂನ್ 7, ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ತಮಿಳು ಸೀಮೆಯ ಕಾಮಯಗೌಂಡನ್‌ಪಟ್ಟಿಯ ನಮ್ಮ ಜನರ ಕಲ್ಯಾಣ ಮಂಟಪದ ಪಕ್ಕದ ಕೋಣೆಯಲ್ಲಿ, ಮದುವೆಯ ಅಂಡೆ ಕೊಳಗಗಳನ್ನು ಒಂದು ಮೂಲೆಗೆ ಸರಿಸಿ, ಹಿರಿಯರ ಕಂಪ್ಯೂಟರ್ ಕೂಟ ಶುರುವಾಯಿತು. ಬಂದವರು ಏಳು ಜನ: ಗಂಡಸರು ಐದು, ಹೆಂಗಸರು ಎರಡು. ಎಲ್ಲರಿಗೂ ಅರವತ್ತು ದಾಟಿತ್ತು. ಕಲಿಸುವವಳು ನಾನು. ನನಗೆ ಹತ್ತೊಂಬತ್ತು. ಕಂಬಂ ಪೇಟೆಯಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿದ್ದೆ, ಕೆಲಸ ಸಿಕ್ಕಿರಲಿಲ್ಲ.

ಮಷೀನು ದಿಂಡಿಗಲ್ಲಿನಿಂದ ಬಂದದ್ದು. ಅಲ್ಲಿ ವ್ಯಾಪಾರ ಮಾಡುವ ನಮ್ಮವರೊಬ್ಬರು ಹೊಸದು ಕೊಂಡು ಹಳೆಯದನ್ನು ಮಂಟಪಕ್ಕೆ ಕೊಟ್ಟಿದ್ದರು. ಅದರಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಎರಡು ಫ್ಲಾಪಿ ಬಾಯಿ ಮಾತ್ರ ಇದ್ದವು, ಅಂಗೈಗಿಂತ ಅಗಲದ, ಬಾಗುವ ಕಪ್ಪು ಫ್ಲಾಪಿಗಳಿಗೆ. ಒಂದು ಬಾಯಿಗೆ ತಮಿಳು ಬರೆಯುವ ಪ್ರೋಗ್ರಾಂ, ಇನ್ನೊಂದಕ್ಕೆ ನಾವು ಬರೆದದ್ದನ್ನು ಉಳಿಸುವ ಫ್ಲಾಪಿ. ಶಾಲೆಯ ಮಕ್ಕಳು ಬಂದು ನೋಡಿ ನಕ್ಕು ಹೋದರು. ಆಗ ನಿವೃತ್ತ ಹೆಡ್‌ಮಾಸ್ಟರೊಬ್ಬರು, ಊರೆಲ್ಲ ವಾದ್ಯಾರ್ ಎಂದು ಕರೆಯುವವರು, ‘ಹಳೇ ಮಿಷಿನ್ನು ಹಳಬರಿಗಿರ್ಲಿ’ ಎಂದು ಕೂಟ ಕಟ್ಟಿದರು.

ನಾನು ಮೊದಲ ದಿನದಿಂದಲೇ ಲೆಕ್ಕ ಬರೆದಿಟ್ಟೆ. ಅದು ನನ್ನ ಅಭ್ಯಾಸ. ಯಾರು ಬಂದರು, ಎಷ್ಟು ಹೊತ್ತು ಕೂತರು, ಎಷ್ಟು ಅಕ್ಷರ ಒತ್ತಿದರು, ಎಷ್ಟು ತಪ್ಪು. ಮೊದಲ ತಿಂಗಳು ವಾದ್ಯಾರ್ ನಿಮಿಷಕ್ಕೆ ಹನ್ನೊಂದು ಅಕ್ಷರ ಮುಟ್ಟಿದರು. ದ್ರಾಕ್ಷಿ ತೋಟದ ಮಾಮ, ಓಡೈಪಟ್ಟಿಯಿಂದ ಬಸ್ಸಿನಲ್ಲಿ ಬರುತ್ತಿದ್ದವರು, ಮೂರು ದಾಟಲಿಲ್ಲ. ಚಪ್ಪರದ ಬಳ್ಳಿ ಸವರಿ ಸವರಿ ಅವರ ಬೆರಳು ಮರದಂತಾಗಿದ್ದವು. ಒಂದು ಒತ್ತಿದರೆ ಮೂರು ಕೀಲಿ ಇಳಿಯುತ್ತಿದ್ದವು.

‘ಈ ಪೊಟ್ಟಿಗೆ ಮೇವೇನು, ಪುಳ್ಳೆ?’ ಎಂದು ಮಾಮ ಮಷೀನು ತೋರಿಸಿ ಕೇಳಿದರು. ಹುಡುಗಿಯರನ್ನು ಅವರು ಪುಳ್ಳೆ ಎಂದೇ ಕರೆಯುವುದು.

‘ಕರೆಂಟು, ಮಾಮ.’

‘ಸಗಣಿ ಹಾಕಲ್ಲ ತಾನೆ? ಹಂಗಾರೆ ಒಳ್ಳೇ ಜಾತಿ.’

‘ನೀನ್ ಒತ್ತೋ ಒತ್ತಿಗೆ ನಾಳೆ ಅದೂ ಹಾಕ್ತದೆ’ ಎಂದರು ವಾದ್ಯಾರ್.

ಇಬ್ಬರು ಹೆಂಗಸರಲ್ಲಿ ಒಬ್ಬರು ಮೂರನೇ ವಾರಕ್ಕೇ ಬರುವುದು ಬಿಟ್ಟರು. ಉಳಿದವರು ಒಬ್ಬ ಅಜ್ಜಿ. ಹನುಮಂತನಪಟ್ಟಿಯಿಂದ ಮದುವೆಯಾಗಿ ನಮ್ಮ ಊರಿಗೆ ಬಂದವರು, ಎಪ್ಪತ್ತಾರು ವಯಸ್ಸು, ಓದು ಬರಹ ಇಲ್ಲ. ಅವರು ಕೀಲಿ ಮುಟ್ಟುತ್ತಿರಲಿಲ್ಲ. ಗೋಡೆಗೆ ಒರಗಿ ಕೂತು, ಎಲೆ ಅಡಿಕೆ ಹಾಕಿಕೊಂಡು, ನೋಡುತ್ತಿದ್ದರು. ಐದು ವಾರ ಹೀಗೇ ಕಳೆಯಿತು. ಜುಲೈ 5ರಂದು, ಎಲ್ಲರೂ ಎದ್ದಮೇಲೆ, ನನ್ನನ್ನು ನಿಲ್ಲಿಸಿದರು.

‘ತಾಯಿ, ನಾನ್ ಹೇಳಾದ್ನ ಈ ಪೊಟ್ಟಿ ಹಿಡ್ಕಂತದಾ?’

‘ಹಿಡ್ಕಂತದೆ ಅಜ್ಜಿ. ನೀವ್ ಹೇಳಿ, ನಾನ್ ಒತ್ತೀನಿ.’

‘ಒತ್ತಿದ್ದು ಕಾಗ್ದಕ್ಕೆ ಬರ್ತದಾ?’

‘ಬೇಕಂದ್ರೆ ಬರ್ತದೆ. ಬೇಡಂದ್ರೆ ಒಳಗೇ ಇರ್ತದೆ.’

ಅಜ್ಜಿ ತಮಗೆ ಬೇಕಾದದ್ದು ಏನೆಂದು ಹೇಳಿದರು. ಅದನ್ನು ಇಲ್ಲಿ ಬಿಡಿಸಿ ಹೇಳಬೇಕು.

ನಮ್ಮದು ಮನೆಯಲ್ಲಿ ಕನ್ನಡ, ಕಾಗದದಲ್ಲಿ ತಮಿಳು. ಕನ್ನಡ ಸೀಮೆಯಿಂದ ಎಷ್ಟು ತಲೆಮಾರಿನ ಹಿಂದೆ ಈ ಕಣಿವೆಗೆ ಬಂದೆವೋ ಯಾರಿಗೂ ಸರಿಯಾಗಿ ತಿಳಿಯದು. ಸತ್ತವರ ಎದುರು ಹೆಂಗಸರು ಹಾಡಿ ಅಳುವುದಕ್ಕೆ ತಮಿಳಿನಲ್ಲಿ ಒಪ್ಪಾರಿ ಎನ್ನುತ್ತಾರೆ. ನಮ್ಮ ಮನೆಮಾತಿನಲ್ಲಿ ಅದಕ್ಕೆ ಬೇರೆ ಹೆಸರಿಲ್ಲ, ಅಳುವುದು ಅಷ್ಟೇ. ಆದರೆ ನಮ್ಮ ಅಳುವಿನಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಮನೆ, ಹೊಲ, ಎಮ್ಮೆ, ಮಕ್ಕಳು. ಎರಡನೆಯದು ದಾರಿ. ಹಿರಿಯರು ಯಾವ ಊರಲ್ಲಿ ತಂಗಿ, ಯಾವ ಹೊಳೆ ದಾಟಿ ಬಂದರೋ, ಅದನ್ನು ಹಿಂದುಮುಂದಾಗಿ, ಇಲ್ಲಿಂದ ಅಲ್ಲಿಗೆ, ಒಂದೊಂದೇ ತಂಗುದಾಣ ಹೇಳುತ್ತಾ ಹೋಗುವುದು. ಸತ್ತವರು ಆ ಮಾತು ಕೇಳಿಕೊಂಡು ನಡೆಯುತ್ತಾರೆ ಎಂದು ಅಜ್ಜಿಯ ನಂಬಿಕೆ. ಅವರು ಅತ್ತೆಗೆ ಹೀಗೆ ಅತ್ತಿದ್ದರು, ಓರಗಿತ್ತಿಗೆ ಅತ್ತಿದ್ದರು. ಈಗ ಅದು ಬರುವುದು ಅವರೊಬ್ಬರಿಗೇ. ಮಗಳಿಗೂ ಸೊಸೆಗೂ ತಮಿಳಿನಲ್ಲಿ ಮಾತ್ರ ಅಳಲು ಬರುತ್ತಿತ್ತು.

‘ನಾನ್ ಎಲ್ಲಾರ್‍ಗೂ ದಾರಿ ಹೇಳಿ ಕಳಿಸ್ದೆ’ ಎಂದರು ಅಜ್ಜಿ. ‘ನಂಗ್ಯಾರು ಹೇಳ್ತಾರೆ? ನಾನ್ ಬಾಗ್ಲಲ್ಲೇ ನಿಂತ್ಕಬೇಕಾಗ್ತದೆ, ತಾಯಿ.’

ಕಾಗದದಲ್ಲಿ ಬರೆದಿಡಬಹುದಿತ್ತು ಎಂದು ಓದುವವರಿಗೆ ಅನ್ನಿಸುತ್ತದೆ. ನನಗೂ ಅನ್ನಿಸಿತು. ಆದರೆ ನಮ್ಮ ಕಡೆ ಸಾವಿನ ಸುದ್ದಿ ತಂದ ಕಾರ್ಡನ್ನು ಓದಿದ ಕೂಡಲೇ ಹರಿದು ಬೀದಿಗೆ ಹಾಕುತ್ತಾರೆ. ಅಂಥ ಕಾಗದ ಮನೆಯೊಳಗೆ ಒಂದು ರಾತ್ರಿಯೂ ಇರಬಾರದು. ಬದುಕಿರುವವರ ಮೇಲಿನ ಅಳು ಕಾಗದದಲ್ಲಿ ಕೂತರೆ ಇನ್ನೂ ಕೆಟ್ಟದ್ದು. ಟೇಪ್ ರೆಕಾರ್ಡರೂ ಆಗದು. ‘ಯಾರಾರ ಮಕ್ಳು ಗುಂಡಿ ಒತ್ಬುಟ್ರೆ ಮನೇಲಿ ಅದೇ ಅಳ್ತದೆ’ ಎಂದರು. ಫ್ಲಾಪಿ ಕಾಗದವಲ್ಲ, ತಾನಾಗಿ ಅಳುವುದೂ ಇಲ್ಲ. ಅದಕ್ಕೇ ಅವರು ಐದು ವಾರ ಗೋಡೆಗೆ ಒರಗಿ ನೋಡಿದ್ದರು.

ಮಂಟಪದ ಕೋಣೆ ಯಾರ ಮನೆಯೂ ಅಲ್ಲ, ಅಲ್ಲಿ ದಿನಾ ದೀಪ ಹಚ್ಚುವುದಿಲ್ಲ. ಆದ್ದರಿಂದ ಅಲ್ಲಿ ಹೇಳಬಹುದು. ಹೇಳಿ ಮುಗಿದಮೇಲೆ ಹೊರಗೆ ಹೋಗಿ ಬಾಯಿ ಮುಕ್ಕಳಿಸಿ ಬೆಲ್ಲ ತಿನ್ನಬೇಕು. ನಾನು ನೋಟ್‌ಬುಕ್ ತೆಗೆದೆ.

‘ಅದ್ರಲ್ಲಿ ಏನ್ ಬರೀತಿ?’

‘ಎಷ್ಟ್ ಸಾಲು ಅಂತ, ಅಜ್ಜಿ.’

‘ಎಣಿಕೆ ಬರ್ಕ. ಸೊಲ್ಲು ಬರೀಬೇಡ.’

ಹಾಗೇ ಮಾಡಿದೆ. ಜುಲೈ 12, ಹದಿನಾಲ್ಕು ಸಾಲು. 19, ಇಪ್ಪತ್ತಾರು. 26, ಇಪ್ಪತ್ತೆರಡು. ಆಗಸ್ಟ್ 2, ಮೂವತ್ತೊಂದು. 9, ಹದಿನೆಂಟು, ಅಂದು ಅಜ್ಜಿಗೆ ಕೆಮ್ಮು. 16ರಂದು ಕರೆಂಟ್ ಇಲ್ಲ. 23, ಇಪ್ಪತ್ತೇಳು. 30, ಇಪ್ಪತ್ತನಾಲ್ಕು. ಸೆಪ್ಟೆಂಬರ್ 6, ಇಪ್ಪತ್ತು. 13ರಂದು ಮಂಟಪದಲ್ಲಿ ಮದುವೆ. 20, ಮೂವತ್ತೆರಡು, ಮುಗಿಯಿತು. ಒಟ್ಟು ಇನ್ನೂರ ಹದಿನಾಲ್ಕು.

ಅಜ್ಜಿ ಹಾಡದೆ ಹೇಳುತ್ತಿದ್ದರು, ತರಕಾರಿ ಹೆಸರು ಹೇಳುವಂತೆ. ನಾನು ತಮಿಳು ಅಕ್ಷರಗಳಲ್ಲಿ ನಮ್ಮ ಮಾತನ್ನು ಒತ್ತುತ್ತಿದ್ದೆ. ಕಣ್ಣು ಕೀಲಿಯ ಮೇಲೆ, ಗಮನ ಅಕ್ಷರ ತಪ್ಪದಂತೆ. ಈಗ ಯೋಚಿಸಿದರೆ, ಅಷ್ಟು ಸಾಲುಗಳನ್ನು ಬೆರಳಿನಿಂದ ದಾಟಿಸಿದೆನೇ ಹೊರತು ಕೇಳಿಸಿಕೊಳ್ಳಲಿಲ್ಲ. ನನಗೆ ಮನೆಮಾತು ಅರ್ಥವಾಗುತ್ತಿತ್ತು. ಆಡಲು ಹೋದರೆ ಅರ್ಧದಲ್ಲಿ ತಮಿಳಿಗೆ ಜಾರುತ್ತಿದ್ದೆ. ಅಜ್ಜಿಯ ಹಳೆಯ ಮಾತುಗಳು ಕೆಲವು ಹೊಸವೇ ಆಗಿದ್ದವು. ಕೇಳಿ ತಿಳಿದುಕೊಳ್ಳುವುದಕ್ಕೆ ಆಮೇಲೆ ಸಮಯವಿದೆ ಎಂದುಕೊಂಡೆ.

ಅಂಗಳದ ಮಾವಿನ ನೆರಳಲ್ಲಿ ಮಿಕ್ಕವರು ಕಾಯುತ್ತಿದ್ದರು. ಎಲ್ಲರಿಗೂ ವಿಷಯ ಗೊತ್ತಿತ್ತು. ವಾದ್ಯಾರ್ ಮತ್ತು ಮಾಮ ಮಾತ್ರ ಬಾಗಿಲ ಹತ್ತಿರ ಕೂತು ಕೇಳುತ್ತಿದ್ದರು. ಮುಂದಿನ ಏರ್ಪಾಡನ್ನೂ ನಾನೇ ಬರೆದೆ. ಸುದ್ದಿ ತಿಳಿದ ಕೂಡಲೇ ಮಾಮ ಫ್ಲಾಪಿ ಹಿಡಿದು ದಿಂಡಿಗಲ್ಲಿಗೆ ಬಸ್ ಹತ್ತುವುದು. ಮಷೀನು ಕೊಟ್ಟವರ ಅಂಗಡಿಯಲ್ಲಿ ಪ್ರಿಂಟರ್ ಇದೆ. ಹೋಗಲು ಮೂರೂವರೆ ಗಂಟೆ, ಪ್ರಿಂಟಿಗೆ ಅರ್ಧ, ಬರಲು ಮೂರೂವರೆ. ನಾನು ಓದುವುದು.

‘ಹಂಗಾರೆ ನಾನ್ ಬೆಳಿಗ್ಗೇನೇ ಹೋಗ್ಬೇಕು ಅನ್ನು’ ಎಂದು ಅಜ್ಜಿ ನಕ್ಕರು. ‘ಬಸ್ ಟೈಮ್ ನೋಡ್ಕಂಡು.’

‘ಭಾನುವಾರ ಬ್ಯಾಡ, ಅಕ್ಕ’ ಎಂದರು ಮಾಮ. ‘ಆವತ್ತು ಅಂಗ್ಡಿ ರಜ.’

ಸೆಪ್ಟೆಂಬರ್ 27ರಂದು ನಾನು ಇನ್ನೊಂದು ಫ್ಲಾಪಿಗೆ ಎರಡನೆಯ ಪ್ರತಿ ತೆಗೆದೆ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಅದೇ ವಾರ ಆಯುಧಪೂಜೆ ಬಂತು.

ಆ ದಿನ ಸಂಜೆ ಕೂಟದಲ್ಲಿ ಉಳಿದಿದ್ದ ಆರೂ ಜನ ಬಂದರು. ಕೂಟದ ಮೊದಲ ಪೂಜೆ. ಮಷೀನು ಒರೆಸಿ, ಬಾಳೆಕಂಬ ಕಟ್ಟಿ, ಪರದೆಗೆ ಮೂರು ಪಟ್ಟೆ ವಿಭೂತಿ ಎಳೆದರು. ಮುಂದೆ ಬಾಳೆಲೆ ಹಾಸಿ, ಅದರ ಮೇಲೆ ಆಯುಧಗಳನ್ನು ಇಡಬೇಕು. ನಮ್ಮ ಆಯುಧ ಫ್ಲಾಪಿ. ಮಷೀನು ಶುರುಮಾಡುವುದೊಂದು, ಪ್ರೋಗ್ರಾಮಿನದೊಂದು, ಅಭ್ಯಾಸದವು ಏಳು, ಅಜ್ಜಿಯವು ಎರಡು; ಒಟ್ಟು ಹನ್ನೊಂದು. ಎಲೆಯ ಮೇಲೆ ಸಾಲಾಗಿ ಜೋಡಿಸಿದವಳು ನಾನೇ. ಎರಡನೆಯ ಪ್ರತಿಯನ್ನು ಎಲೆಗೆ ಇಡದೆ ಬಿಡೋಣವೇ ಎಂದು ಒಂದು ಕ್ಷಣ ಯೋಚಿಸಿದೆ. ಪೂಜೆಯಲ್ಲಿ ಒಂದು ಕುಡುಗೋಲು, ಒಂದು ಸೂಜಿ ಬಿಟ್ಟುಹೋದರೂ ಅದು ಮುನಿದು ವರ್ಷವೆಲ್ಲ ಕೈ ಕೊಡುತ್ತದೆ ಎಂದು ನಮ್ಮ ಮನೆಯಲ್ಲಿ ಹೇಳುತ್ತಾರೆ. ಅದನ್ನೂ ಇಟ್ಟೆ.

ಆ ಹಳೆಯ ಫ್ಲಾಪಿಗಳಿಗೆ ಕವಚದ ನಡುವೆ ಉದ್ದನೆಯ ಕಿಂಡಿ ಇರುತ್ತದೆ. ಒಳಗಿನ ಕಂದು ತಟ್ಟೆ ಅಲ್ಲಿ ಬತ್ತಲೆಯಾಗಿ ಕಾಣುತ್ತದೆ. ಮಷೀನು ಓದುವುದು ಅಲ್ಲಿಂದಲೇ. ಬೆರಳು ತಾಗಿಸಬಾರದು ಎಂದು ಜೂನ್ 7ರಿಂದ ಪ್ರತಿ ವಾರ ಹೇಳಿದ್ದೆ. ಕೂಟದವರು ಅದಕ್ಕೆ ಕಣ್ಣು ಎಂದು ಹೆಸರಿಟ್ಟಿದ್ದರು.

ವಾದ್ಯಾರ್ ಆರತಿ ಹಚ್ಚಿದರು. ಗಂಧದ ಬಟ್ಟಲು ಹಿಡಿದು ಅಜ್ಜಿ ಮುಂದೆ ಬಂದರು. ಹಿರಿಯ ಮುತ್ತೈದೆ ಯಾರೂ ಇರಲಿಲ್ಲ, ಇರುವವರಲ್ಲಿ ವಯಸ್ಸಾದವರು ನೀವೇ ಇಡಿ ಎಂದು ಎಲ್ಲರೂ ಒತ್ತಾಯಿಸಿದ್ದರು. ಗಂಡ ಸತ್ತಮೇಲೆ ಇಪ್ಪತ್ತೆರಡು ವರ್ಷ ಯಾರೂ ಅವರನ್ನು ಪೂಜೆಗೆ ಕರೆದಿರಲಿಲ್ಲ. ಅರೆದ ಗಂಧ ನೀರಾಗಿತ್ತು. ನೇಗಿಲಿಗಾದರೆ ಗುಳಕ್ಕೆ, ತಕ್ಕಡಿಗಾದರೆ ಮುಳ್ಳಿಗೆ. ಯಾವುದು ಕೆಲಸ ಮಾಡುತ್ತದೋ ಅಲ್ಲಿಗೇ ಬೊಟ್ಟು. ಅಜ್ಜಿ ಮೊದಲ ಫ್ಲಾಪಿಯ ಕಣ್ಣಿಗೆ ಗಂಧ ಇಟ್ಟು, ಅದರ ಮೇಲೆ ಕುಂಕುಮ ಒತ್ತಿದರು.

ನನಗೆ ಗೊತ್ತಿತ್ತು. ಬಾಯಿ ತೆರೆದೆ. ದೀಪ ಉರಿಯುತ್ತಿರುವಾಗ, ಕೈ ಮುಂದಿರುವಾಗ, ‘ಬೇಡ’ ಎನ್ನಬಾರದು. ಆ ಮಾತು ಅಲ್ಲಿ ಬಿದ್ದರೆ ಮನೆ ಹಾಳು ಎಂದು ಚಿಕ್ಕಂದಿನಿಂದ ಕೇಳಿದ್ದೆ. ಅಲ್ಲದೆ ಅವರ ಮುಖ ಹಾಗಿತ್ತು. ಒರೆಸಿದರೆ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೊಂದಕ್ಕೂ ಬೊಟ್ಟು ಬಿತ್ತು. ತಮ್ಮ ಎರಡು ಫ್ಲಾಪಿಗಳಿಗೆ ಅಜ್ಜಿ ಕೈತುಂಬ ಇಟ್ಟರು.

ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಮುಟ್ಟುವಂತಿಲ್ಲ. ಮರುದಿನ ಬೆಳಿಗ್ಗೆ ಏಳಕ್ಕೆ ಹೋದೆ. ಗಂಧ ಒಣಗಿ ಪೊರೆ ಕಟ್ಟಿತ್ತು. ಒದ್ದೆ ಹತ್ತಿಯಿಂದ ಒರೆಸಿದೆ. ಕುಂಕುಮ ಕರಗಿ ತಟ್ಟೆಯ ಸುತ್ತ ಹರಡಿತು. ಅಜ್ಜಿಯ ಮೊದಲ ಪ್ರತಿಯನ್ನು ಮಷೀನಿಗೆ ಹಾಕಿದೆ. ಮಷೀನು ಮೂರು ಸಲ ಗೊರಗೊರ ಎಂದು ನಿಂತಿತು. ಎರಡನೆಯ ಪ್ರತಿಯನ್ನೂ ಹಾಕಿದೆ. ಮೊದಲನೆಯದರ ಕೊಳೆ ಮಷೀನಿನ ಬಾಯಿಗೆ ಹತ್ತಿ, ಅದು ಎರಡನೆಯದನ್ನು ಗೀರಿತು. ಒಂದು ಬಳೆಯಂಥ ಗೀರು, ಕಣ್ಣಿಗೇ ಕಾಣುತ್ತಿತ್ತು. ಆ ವಾರವೇ ವಾದ್ಯಾರ್ ಎರಡನ್ನೂ ದಿಂಡಿಗಲ್ಲಿಗೆ ಒಯ್ದರು. ಅಲ್ಲಿಯ ಹುಡುಗರು ಒಂದು ದಿನ ಇಟ್ಟುಕೊಂಡು ವಾಪಸ್ ಕೊಟ್ಟರು. ಏನೂ ಬರಲಿಲ್ಲ.

‘ಗಂಧದಿಂದ ಅಂತ ಹೇಳ್ಬೇಡ’ ಎಂದರು ವಾದ್ಯಾರ್. ‘ಆ ಜೀವಕ್ಕೆ ಅದೊಂದು ಬೇಡ.’

ಅಕ್ಟೋಬರ್ 11ರಂದು ಅಜ್ಜಿಗೆ ಹೇಳಿದೆ, ಮಷೀನು ಕೆಟ್ಟು ಒಳಗಿದ್ದದ್ದು ಹೋಯಿತೆಂದು. ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು.

‘ಎಲ್ಲಾನಾ?’

‘ಆಮಾ, ಅಜ್ಜಿ. ಎಲ್ಲಾ.’

‘ಗಂಧದಿಂದ ತಾನೆ?’

‘ಇಲ್ಲ ಅಜ್ಜಿ. ಪೊಟ್ಟಿ ಹಳೇದು.’

‘ನಾನೂ ಹಳೇವ್ಳೇ. ಕೆಟ್ಟೋಗ್ಲಿಲ್ವಲ್ಲ’ ಎಂದು ನನ್ನನ್ನೇ ನೋಡಿದರು. ನಾನು ನೆಲ ನೋಡಿದೆ. ಮತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಅವರೇ, ‘ಹೋಗ್ಲಿ ಬುಡು. ನೀನ್ ಎಣಿಕೆ ಬರ್ದಿದ್ದೀಯಲ್ಲ, ಎಷ್ಟಾಯ್ತು?’ ಎಂದು ಕೇಳಿದರು. ಹೇಳಿದೆ. ‘ಅಷ್ಟೊಂದಾ!’ ಎಂದರು.

ಇನ್ನೊಮ್ಮೆ ಹೇಳಲು ಅವರು ಒಪ್ಪಿದರು. ಆದರೆ ಆಗಲೇ ಆಗದು. ಮೊಮ್ಮಗಳನ್ನು ಬಳೆ ತೊಡಿಸಿ ಹೆರಿಗೆಗೆ ಕರೆತಂದಿದ್ದರು. ಬಸುರಿ ಇರುವ ಮನೆಯಿಂದ ಹೊರಟು ಅಳು ಹೇಳಿ ಅದೇ ಮನೆಗೆ ವಾಪಸ್ ಹೋಗಬಾರದು. ಹೆರಿಗೆಯಾಗಿ ಕೂಸಿಗೆ ಮೂರು ತಿಂಗಳು ತುಂಬಲಿ ಎಂದರು. ನವೆಂಬರ್ 10ಕ್ಕೆ ಕೂಸು ಹುಟ್ಟಿತು, ಹೆಣ್ಣು. ಲೆಕ್ಕ ಹಾಕಿದೆ. 1999 ಫೆಬ್ರವರಿ 14, ಭಾನುವಾರ. ಆ ಪುಟದಲ್ಲಿ ಮುಂಚೆಯೇ ಬರೆದಿಟ್ಟೆ: ಅಜ್ಜಿ, ಮೊದಲ ಸಾಲಿನಿಂದ.

ಕೂಟ ನಡೆಯುತ್ತಲೇ ಇತ್ತು. ದಿಂಡಿಗಲ್ಲಿನವರು ಹೊಸ ಫ್ಲಾಪಿ ಕಳಿಸಿದರು, ಬಾಯಿ ರಿಪೇರಿ ಮಾಡಿಸಿದರು. ಮಾಮ ನಿಮಿಷಕ್ಕೆ ಐದು ಅಕ್ಷರ ಮುಟ್ಟಿದರು. ಅಜ್ಜಿ ಗೋಡೆಗೆ ಒರಗಿ ಕೂತು ನೋಡುತ್ತಿದ್ದರು. ಡಿಸೆಂಬರಿನಲ್ಲಿ ಎರಡು ಭಾನುವಾರ ಬರಲಿಲ್ಲ. ಮೂರನೆಯದಕ್ಕೆ ಬಂದು, ಬಾಗಿಲ ಹತ್ತಿರವೇ ಕೂತು, ಬೇಗ ಎದ್ದು ಹೋದರು.

ಜನವರಿ 21, ಗುರುವಾರ, ಬೆಳಗಿನ ಐದು ನಲವತ್ತಕ್ಕೆ ಅವರು ಹೋದರು. ಹಾಲು ತಂದವನು ನಮ್ಮ ಬಾಗಿಲಲ್ಲಿ ಹೇಳಿದ. ಆರೂಕಾಲಿಗೆ ದಿಂಡಿಗಲ್ಲಿನ ಬಸ್ಸು ಊರ ಮುಂದೆ ನಿಂತು ಹೋದದ್ದು ನನಗೆ ಒಳಗಿನಿಂದಲೇ ಕೇಳಿಸಿತು.

ಮಧ್ಯಾಹ್ನದವರೆಗೆ ಹೆಂಗಸರು ಅತ್ತರು. ಮಗಳು ತಮಿಳಿನಲ್ಲಿ ಚೆನ್ನಾಗಿಯೇ ಅತ್ತಳು. ಅವಳ ಅಳು ನಿಜವಾಗಿತ್ತು, ಅದರಲ್ಲಿ ಕೊರತೆ ಹುಡುಕಲು ನಾನು ಯಾರು? ಆದರೆ ಅದರಲ್ಲಿ ದಾರಿ ಇರಲಿಲ್ಲ. ವಾದ್ಯಾರ್ ಮತ್ತು ಮಾಮ ಜಗಲಿಯ ಮೇಲೆ ಗಂಡಸರ ನಡುವೆ ಕೂತು ನನ್ನ ಕಡೆಯೇ ನೋಡುತ್ತಿದ್ದರು. ಗಂಡಸರು ಹೆಣದ ಮುಂದೆ ಹಾಡುವುದಿಲ್ಲ. ಮದುವೆಯಾಗದ ಹುಡುಗಿಯೂ ಹಾಡುವುದಿಲ್ಲ. ಓದುವುದಾದರೆ ಸರಿ ಎಂದು ಅಜ್ಜಿ ತಾವೇ ನನಗೆ ವಿನಾಯಿತಿ ಕೊಟ್ಟಿದ್ದರು. ಓದಲು ಕೈಯಲ್ಲಿ ಏನೂ ಇರಲಿಲ್ಲ.

ಎತ್ತುವ ಹೊತ್ತಾಯಿತು. ನಾನು ಅಜ್ಜಿಯ ತಲೆಯ ಹತ್ತಿರ ಹೋಗಿ ಕೂತು, ನೆನಪಿದ್ದಷ್ಟನ್ನು ಮೆಲ್ಲಗೆ ಹೇಳಿದೆ.

ಮೂಡಲ ಬಾಗ್ಲಲ್ಲಿ ಮೊರ ಯಾಕೆ ಬೋರ್ಲಾಯ್ತು
ಕೇರೋಳು ಎದ್ದು ನಡೆದಾಳೆ
ಎಮ್ಮೆ ಕರು ಕೂಗ್ಯಾವೆ, ಹಗ್ಗ ಬಿಚ್ಚೋರಿಲ್ಲ
ಬಿಚ್ಚೋ ಕೈಗೆ ಗಂಟ ಬಿಗಿದವ್ರೆ

ಒಂಬತ್ತನೆಯ ಸಾಲಿಗೆ ನಿಂತುಹೋಯಿತು. ಮಗಳು ಅಳು ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದಳು. ‘ಆಮೇಲೆ?’ ಎಂದಳು, ನಮ್ಮ ಮಾತಿನಲ್ಲಿ. ‘ಅವ್ವ ಆಮೇಲೇನ್ ಹೇಳ್ತು?’ ನನಗೆ ಗೊತ್ತಿರಲಿಲ್ಲ. ಹೊರಗೆ ತಮಟೆ ಶುರುವಾಯಿತು. ಗಂಡಸರು ಒಳಗೆ ಬಂದರು.

ಆಮೇಲಿನ ಭಾನುವಾರಗಳಲ್ಲಿ ಕೂಟದಲ್ಲಿ ನಾವು ಅದೇ ಕೆಲಸ ಮಾಡಿದೆವು. ಯಾರಿಗೆ ಏನು ನೆನಪಿದೆಯೋ ಅದನ್ನು ಒತ್ತುವುದು. ಈಗ ಅದನ್ನು ಕಾಗದದಲ್ಲಿ ಇಡುವುದಕ್ಕೆ ಅಡ್ಡಿಯಿಲ್ಲ, ಹೋಗುವವರು ಹೋಗಿಯಾಗಿದೆ. ನನ್ನವು ಒಂಬತ್ತು ಸಾಲು, ವಾದ್ಯಾರ್ ನೆನೆದದ್ದು ಐದು, ಮಾಮ ಮೂರು. ಒಟ್ಟು ಹದಿನೇಳು. ಅವುಗಳಲ್ಲಿ ದಾರಿಯ ಭಾಗದವು ಎರಡೇ, ಎರಡೂ ಮಾಮನವು. ಊರಿನ ಹೆಸರು ಅವರಿಗೆ ನೆನಪಿಲ್ಲ. ‘ಕೇಳ್ತಾ ಕೂತಿದ್ದೆ ಪುಳ್ಳೆ, ಪೊಟ್ಟಿ ಹಿಡ್ಕಂತದೆ ಅಂತ ಸುಮ್ನಿದ್ದೆ’ ಎಂದರು. ಆ ಮಾತನ್ನು ಅವರು ಅಂದು ಎರಡು ಸಲ ಹೇಳಿದರು.

ಕನ್ನಡ ಅಕ್ಷರ ನಾನು ಕಲಿತದ್ದು ಇದರ ನಂತರ. ದ್ರಾಕ್ಷಿ ಲಾರಿಯಲ್ಲಿ ಬೆಂಗಳೂರು ಮಾರುಕಟ್ಟೆಗೆ ಹೋಗುವ ಡ್ರೈವರಿಗೆ ಹೇಳಿ ಮಾಮ ಒಂದನೇ ತರಗತಿಯ ಪುಸ್ತಕ ತರಿಸಿಕೊಟ್ಟರು. ಹೀಗೆ ಬರೆಯುವ ಮಟ್ಟಕ್ಕೆ ಬರಲು ಮೂರು ವರ್ಷ ಹಿಡಿಯಿತು. ನಮ್ಮ ಕಣಿವೆಯಲ್ಲಿ ಕೇಳಬಹುದಾದ ಮುದುಕಿಯರನ್ನೆಲ್ಲ ಕೇಳಿದ್ದೇನೆ, ಇಪ್ಪತ್ತಮೂರು ಮನೆ. ಮೊದಲ ಭಾಗದ ತುಂಡುಗಳು ಅಲ್ಲಲ್ಲಿ ಸಿಕ್ಕವು. ದಾರಿ ಯಾರಲ್ಲೂ ಇಲ್ಲ. ಅಜ್ಜಿಯ ಮಗಳಿಗೆ ಈಗ ಅರವತ್ತೆರಡು. ಎದುರಾದಾಗಲೆಲ್ಲ ಸಿಕ್ಕಿತೇ ಎಂದು ಕೇಳುತ್ತಾಳೆ. ಅಮ್ಮ ಇನ್ನೂ ಬಾಗಿಲಲ್ಲೇ ನಿಂತಿದ್ದಾಳೆ ಎಂದು ಅವಳಿಗೆ ಅನ್ನಿಸತೊಡಗಿದೆ. ಅನ್ನಿಸುವಂತೆ ಮಾಡಿದವಳು ನಾನು.

ಆ ದಾರಿಯ ಇನ್ನೊಂದು ತುದಿ ನಿಮ್ಮ ಕಡೆ ಇದೆ. ಮಾಮನಿಗೆ ನೆನಪಿರುವ ಎರಡು ಸಾಲು ಇವು:

ಮೂರು ಕಲ್ಲಿನ ಮಂಟಪದಲ್ಲಿ ಮುಳ್ಳ ತೆಗೆದು ಕೂರವ್ವ
ಅಂಬಿಗ ಕೇಳಿದ್ರೆ ಕುಲ ಹೇಳು

ಮೂರು ಕಲ್ಲಿನ ಮಂಟಪ ಯಾವ ಹೊಳೆಯ ದಡದಲ್ಲಿದೆ? ಹೊಳೆ ದಾಟಿದಮೇಲೆ ಯಾವ ಊರು? ನಿಮ್ಮ ಮನೆಯ ಹಿರಿಯ ಹೆಂಗಸರು ಸಾವಿನ ಮನೆಯಲ್ಲಿ ಹೀಗೆ ದಾರಿ ಹೇಳುವುದನ್ನು ಕೇಳಿದ್ದರೆ, ಒಂದೇ ಸಾಲು ಗೊತ್ತಿದ್ದರೂ, ಅರ್ಧ ಸಾಲಾದರೂ, ದಯವಿಟ್ಟು ಬರೆದು ತಿಳಿಸಿ. ಇದನ್ನು ಅಚ್ಚು ಹಾಕಿದವರ ವಿಳಾಸಕ್ಕೆ ಕಳಿಸಿದರೆ ನನಗೆ ಮುಟ್ಟುತ್ತದೆ. ಅಜ್ಜಿಯ ಮಗಳಿಗೆ ಓದಿ ಹೇಳುತ್ತೇನೆ.